ಬೈಪಾಸ್ ಆದಮೇಲೆ ಎದೆ ಇನ್ಫೆಕ್ಷನ್: ಆಗದ ಹಾಗೆ ನೋಡಿಕೊಳ್ಳುವುದು ಹೇಗೆ, ಆದರೆ ಗುರುತಿಸುವುದು ಹೇಗೆ

ಅಪ್ಪನಿಗೆ ಬೈಪಾಸ್ ಆದ ಎರಡನೇ ದಿನ ನರ್ಸ್ ಒಬ್ಬರು ಉಸಿರಿನ ವ್ಯಾಯಾಮದ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ (ಸ್ಪೈರೋಮೀಟರ್) ನನ್ನ ಕೈಗೆ ಕೊಟ್ಟು, "ಇದನ್ನ ಮಾಡಿಸ್ತಾ ಇರಿ" ಅಂತ ಹೇಳಿ ಹೋದರು. ಅಪ್ಪ ಪೈಪನ್ನು ಬಾಯಿಗಿಟ್ಟು ಊದಿದರು. ಚೆಂಡು ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಊದಿದರು. "ಇದು ಕೆಟ್ಟಿದೆ ಬಿಡು" ಅಂತ ಪಕ್ಕಕ್ಕಿಟ್ಟರು. ನಾನೂ ಇರಬಹುದು ಅಂದುಕೊಂಡೆ. ಅದನ್ನು ಊದುವುದಲ್ಲ, ಒಳಗೆ ಎಳೆಯುವುದು ಅಂತ ಗೊತ್ತಾಗುವಷ್ಟರಲ್ಲಿ ಎರಡು ದಿನ ಹೋಗಿತ್ತು. ಆರನೇ ದಿನ ಜ್ವರ ಬಂತು. ಕಫ ಹಳದಿಯಾಯಿತು. ಎಕ್ಸ್‌ರೇ ತೆಗೆದರೆ ಎಡ ಶ್ವಾಸಕೋಶದ ಕೆಳಗೆ ಬಿಳಿ ಮಚ್ಚೆ. ನ್ಯುಮೋನಿಯಾ. ವಾರದಲ್ಲಿ ಮನೆಗೆ ಬರಬೇಕಾದವರು ಹದಿನಾರು ದಿನ ಆಸ್ಪತ್ರೆಯಲ್ಲೇ ಉಳಿದರು.

ಚೆಂಡು ಊದಿದ್ದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಅಪ್ಪ ಮೂವತ್ತು ವರ್ಷ ಬೀಡಿ ಸೇದಿದವರು, ಸಕ್ಕರೆ ಕಾಯಿಲೆಯೂ ಇತ್ತು. ಆದರೆ ಆ ಹದಿನಾರು ದಿನದಲ್ಲಿ ನನಗೆ ಒಂದು ವಿಷಯ ಅರ್ಥವಾಯಿತು. ಆಪರೇಷನ್ ಆದಮೇಲೆ ಮನೆಯವರೆಲ್ಲ ಹೃದಯದ ಬಗ್ಗೆಯೇ ಕೇಳುತ್ತಾರೆ. ಉಸಿರು, ಕೆಮ್ಮು, ಹೊಲಿಗೆ ಇವುಗಳ ಬಗ್ಗೆ ಯಾರೂ ಕೇಳುವುದಿಲ್ಲ. ಜೊತೆಗಿರುವವರು ನಿಜವಾಗಿ ಏನಾದರೂ ಮಾಡಬಹುದಾದ ಜಾಗ ಅದೇ. ಫಿಸಿಯೋಥೆರಪಿಸ್ಟ್, ನರ್ಸ್, ಡಾಕ್ಟರ್ ಎಲ್ಲರನ್ನೂ ಕಾಡಿ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ನಿಮ್ಮ ಡಾಕ್ಟರ್ ಬೇರೆ ಹೇಳಿದರೆ ಅವರ ಮಾತೇ ಅಂತಿಮ.

ಮೊದಲು ಗೊಂದಲ ಬಿಡಿಸಿಕೊಳ್ಳಿ: ಎದೆ ಇನ್ಫೆಕ್ಷನ್ ಅಂದರೆ ಎರಡು

ನಾವು "ಎದೆ ಇನ್ಫೆಕ್ಷನ್ ಆಗಿದೆಯಂತೆ" ಅಂತ ಹೇಳುವಾಗ ಎರಡು ಬೇರೆ ಬೇರೆ ತೊಂದರೆಗಳನ್ನು ಒಂದೇ ಹೆಸರಲ್ಲಿ ಕರೆಯುತ್ತಿರುತ್ತೇವೆ.

ಒಂದು ಶ್ವಾಸಕೋಶದ್ದು, ಅಂದರೆ ನ್ಯುಮೋನಿಯಾ. ಇದು ಹೆಚ್ಚಾಗಿ ಮೊದಲ ಒಂದೆರಡು ವಾರದಲ್ಲಿ, ಎಷ್ಟೋ ಸಲ ಆಸ್ಪತ್ರೆಯಲ್ಲಿ ಇರುವಾಗಲೇ ಕಾಣಿಸಿಕೊಳ್ಳುತ್ತದೆ. ಇನ್ನೊಂದು ಎದೆಯ ಗಾಯದ್ದು. ಬೈಪಾಸ್‌ನಲ್ಲಿ ಸಾಮಾನ್ಯವಾಗಿ ಎದೆಯ ನಡುವಿನ ಮೂಳೆಯನ್ನು ಉದ್ದಕ್ಕೆ ಸೀಳಿ, ಕೆಲಸ ಮುಗಿದ ಮೇಲೆ ಸ್ಟೀಲ್ ತಂತಿಯಿಂದ ಬಿಗಿದು ಕಟ್ಟುತ್ತಾರೆ. ಆ ಗಾಯ ಮೇಲ್ಮೈಯಲ್ಲಿ ನಂಜಾದರೆ ಸಾಮಾನ್ಯವಾಗಿ ಡ್ರೆಸ್ಸಿಂಗ್, ಆ್ಯಂಟಿಬಯೋಟಿಕ್‌ನಲ್ಲಿ ಸರಿಹೋಗುತ್ತದೆ. ಮೂಳೆಗೆ, ಅದರ ಹಿಂದಿನ ಜಾಗಕ್ಕೆ ಇಳಿದರೆ ಅದು ಜೀವಕ್ಕೆ ಅಪಾಯ. ಈ ಆಳದ ನಂಜು ನೂರರಲ್ಲಿ ಒಬ್ಬಿಬ್ಬರಿಗೆ ಮಾತ್ರ ಆಗುತ್ತದೆ. ತೊಂದರೆ ಏನೆಂದರೆ ಅದು ಹೆಚ್ಚಾಗಿ ಎರಡು ಮೂರು ವಾರಕ್ಕೆ, ಅಂದರೆ ಮನೆಗೆ ಬಂದ ಮೇಲೆ ತಲೆ ಎತ್ತುತ್ತದೆ. ಆಗ ಪಕ್ಕದಲ್ಲಿ ನರ್ಸ್ ಇರುವುದಿಲ್ಲ, ನೀವಿರುತ್ತೀರಿ.

ಹೃದಯಕ್ಕೆ ಆಪರೇಷನ್ ಮಾಡಿದರೆ ಶ್ವಾಸಕೋಶ ಯಾಕೆ ಕೆಡಬೇಕು? ನಾನೂ ಕೇಳಿದ್ದೆ. ಅರಿವಳಿಕೆ ಕೊಟ್ಟು ಗಂಟೆಗಟ್ಟಲೆ ಅಂಗಾತ ಮಲಗಿಸಿದಾಗ ಶ್ವಾಸಕೋಶದ ಕೆಳಭಾಗದ ಗಾಳಿಚೀಲಗಳು ಮುದುಡಿಕೊಳ್ಳುತ್ತವೆ. ಕಫವನ್ನು ಮೇಲಕ್ಕೆ ತಳ್ಳುವ ಸಣ್ಣ ಕೂದಲಿನಂಥ ಎಳೆಗಳು ಮಂಕಾಗುತ್ತವೆ. ಎಡಗಡೆ ಇದು ಇನ್ನೂ ಜಾಸ್ತಿ, ಯಾಕೆಂದರೆ ಬೈಪಾಸ್‌ಗೆ ಬಳಸುವ ಎದೆಗೂಡಿನ ರಕ್ತನಾಳವನ್ನು ಸಾಮಾನ್ಯವಾಗಿ ಎಡಭಾಗದಿಂದಲೇ ಬಿಡಿಸುತ್ತಾರೆ. ಎಚ್ಚರವಾದ ಮೇಲೆ ನೋವು. ನೋವಿದ್ದರೆ ಮನುಷ್ಯ ಮೇಲೆ ಮೇಲೆ ಉಸಿರಾಡುತ್ತಾನೆ, ಕೆಮ್ಮುವುದಿಲ್ಲ. ಕಫ ಒಳಗೇ ನಿಲ್ಲುತ್ತದೆ. ನಿಂತ ನೀರಲ್ಲಿ ಹುಳ ಆದ ಹಾಗೆ ನಿಂತ ಕಫದಲ್ಲಿ ರೋಗಾಣು.

ಹಂತ 1: ಆಪರೇಷನ್‌ಗೆ ಮುಂಚೆ

ದಿನಾಂಕ ಸಿಕ್ಕ ಕೂಡಲೇ ಬೀಡಿ, ಸಿಗರೇಟು ಬಿಡಿಸಿ. ನಾಲ್ಕು ವಾರ ಮುಂಚೆ ಬಿಟ್ಟರೆ ಒಳ್ಳೆಯದು, ಎಂಟು ವಾರ ಸಿಕ್ಕರೆ ಇನ್ನೂ ಒಳ್ಳೆಯದು. ಅಷ್ಟು ಸಮಯ ಇಲ್ಲ ಅಂತ ಕೊನೇ ದಿನದವರೆಗೆ ಸೇದುವುದೂ ತಪ್ಪೇ.

ಹಲ್ಲು ತೋರಿಸಿ. ಹುಳುಕು, ಒಸಡಿನಲ್ಲಿ ಕೀವು ಇದ್ದರೆ ಬಾಯಿಯ ರೋಗಾಣುಗಳು ಆಪರೇಷನ್ ಸಮಯದಲ್ಲಿ ಗಂಟಲಿಗೆ ಹಾಕುವ ಉಸಿರಿನ ನಳಿಕೆಯ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತವೆ. ಹೃದಯದ ಕವಾಟದ ಆಪರೇಷನ್ ಆದರಂತೂ ಅವು ರಕ್ತದಲ್ಲಿ ಹೋಗಿ ಹೊಸ ಕವಾಟದ ಮೇಲೇ ಕೂರಬಹುದು.

ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತನ್ನಿ. ಆಸ್ಪತ್ರೆಯಲ್ಲಿ ಇನ್ಸುಲಿನ್ ಕೊಡುತ್ತಾರೆ. "ಗುಳಿಗೆಯಲ್ಲೇ ಕಂಟ್ರೋಲ್ ಇತ್ತಲ್ಲ, ಈಗ ಇಂಜೆಕ್ಷನ್ ಯಾಕೆ" ಅಂತ ನಮ್ಮಮ್ಮ ಜಗಳಕ್ಕೇ ನಿಂತಿದ್ದರು. ಕಾರಣ ಇದೆ. ಆಪರೇಷನ್ ಸಮಯದಲ್ಲಿ ಸಕ್ಕರೆ ತಾನಾಗಿ ಏರುತ್ತದೆ. ಅದು 180ರ ಮೇಲೆ ಹೋಗದ ಹಾಗೆ ನೋಡಿಕೊಂಡರೆ ಮೂಳೆಯ ನಂಜು ಕಡಿಮೆ. ಮೊದಲು ಸಕ್ಕರೆ ಕಾಯಿಲೆ ಇಲ್ಲದವರಿಗೂ ಕೆಲವೊಮ್ಮೆ ಇನ್ಸುಲಿನ್ ಬೇಕಾಗುತ್ತದೆ. ಅದು ಜೀವನಪೂರ್ತಿ ಅಂಟಿಕೊಳ್ಳುತ್ತದೆ ಅಂತೇನಿಲ್ಲ.

ಎದೆಯ, ಕಾಲಿನ ಕೂದಲನ್ನು ಮನೆಯಲ್ಲಿ ರೇಜರ್‌ನಿಂದ ಬೋಳಿಸಬೇಡಿ. ಕಣ್ಣಿಗೆ ಕಾಣದ ಸಣ್ಣ ಗೀರುಗಳಲ್ಲಿ ರೋಗಾಣು ಮನೆ ಮಾಡುತ್ತದೆ. ಆಸ್ಪತ್ರೆಯವರು ಟ್ರಿಮ್ಮರ್ ಹಾಕುತ್ತಾರೆ. ಹಿಂದಿನ ರಾತ್ರಿ, ಆ ದಿನ ಬೆಳಿಗ್ಗೆ ಸ್ನಾನಕ್ಕೆ ಬೇರೆ ಸೋಪು ದ್ರಾವಣ ಕೊಟ್ಟರೆ ಅದನ್ನೇ ಬಳಸಿ. ಮೂಗಿನ ಒಳಗೆ ಹಚ್ಚಲು ಮುಲಾಮು ಕೊಟ್ಟರೆ "ಹೃದಯಕ್ಕೂ ಮೂಗಿಗೂ ಏನು ಸಂಬಂಧ" ಅಂತ ಬಿಡಬೇಡಿ. ಗಾಯ ಕೆಡಿಸುವ ಸ್ಟ್ಯಾಫಿಲೊಕಾಕಸ್ ಅನ್ನುವ ರೋಗಾಣು ತುಂಬಾ ಜನರ ಮೂಗಿನಲ್ಲೇ ಸುಮ್ನೆ ವಾಸ ಮಾಡಿಕೊಂಡಿರುತ್ತದೆ.

ಇನ್ನೊಂದು ಮುಖ್ಯ. ನೆಗಡಿ, ಜ್ವರ, ಕೆಮ್ಮು, ಉರಿಮೂತ್ರ ಇದ್ದರೆ ಮುಚ್ಚಿಡಬೇಡಿ. ಕಷ್ಟಪಟ್ಟು ದಿನಾಂಕ ಸಿಕ್ಕಿರುತ್ತದೆ, ಯೋಜನೆಯ ಕಾಗದವೂ ಪಾಸಾಗಿರುತ್ತದೆ, ಮುಂದೆ ಹಾಕಿಬಿಟ್ಟರೆ ಅನ್ನುವ ಭಯ. ಅರ್ಥವಾಗುತ್ತದೆ. ಆದರೂ ಹೇಳಿ.

ಚೆಂಡಿನ ಡಬ್ಬಿಯನ್ನು ಮುಂಚೆಯೇ ಕೇಳಿ ತಂದು ಮನೆಯಲ್ಲಿ ಅಭ್ಯಾಸ ಮಾಡಿಸಿ. ಆಪರೇಷನ್‌ಗೆ ಮೊದಲೇ ಉಸಿರು ಎಳೆಯುವ ವ್ಯಾಯಾಮ ಮಾಡಿದವರಲ್ಲಿ ನ್ಯುಮೋನಿಯಾ ಕಡಿಮೆ ಅಂತ ಅಧ್ಯಯನಗಳೇ ತೋರಿಸಿವೆ. ನೋವಿಲ್ಲದಾಗ ಕಲಿಯುವುದು ಸುಲಭ ಕೂಡ.

ಹಂತ 2: ವಾರ್ಡಿನಲ್ಲಿ ಉಸಿರು, ಕೆಮ್ಮು, ನಡಿಗೆ

ಎಲ್ಲಕ್ಕಿಂತ ಮೊದಲು ನೋವಿನ ಗುಳಿಗೆ. ನಮ್ಮಪ್ಪ "ನನಗೇನೂ ನೋವಿಲ್ಲ" ಅಂತ ನರ್ಸ್‌ಗೆ ಹೇಳುತ್ತಿದ್ದರು, ಆಕೆ ಹೋದ ಮೇಲೆ ಹಲ್ಲು ಕಚ್ಚುತ್ತಿದ್ದರು. ನೋವು ತಡೆದುಕೊಳ್ಳುವುದು ಇಲ್ಲಿ ಗಂಡಸುತನವಲ್ಲ. ನೋವಿದ್ದರೆ ಉಸಿರು ಆಳಕ್ಕೆ ಹೋಗುವುದೇ ಇಲ್ಲ. ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ಗುಳಿಗೆ ಸಿಗುವ ಹಾಗೆ ಕೇಳಿಕೊಳ್ಳಿ. ಮನೆಗೆ ಬಂದ ಮೇಲೆ ಮಾತ್ರ ಮೆಡಿಕಲ್ ಶಾಪಿನಿಂದ ನಿಮ್ಮಷ್ಟಕ್ಕೆ ನೋವಿನ ಮಾತ್ರೆ ತರಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯವು ಬೈಪಾಸ್ ಆದವರಿಗೆ ಹೃದಯಾಘಾತದ ಅಪಾಯ ಹೆಚ್ಚಿಸುತ್ತವೆ.

ಈಗ ಚೆಂಡು. ನೇರವಾಗಿ ಕೂರಿಸಿ, ಸಾಧ್ಯವಾದರೆ ಕುರ್ಚಿಯಲ್ಲಿ. ಮೊದಲು ಉಸಿರನ್ನು ಪೂರ್ತಿ ಹೊರಗೆ ಬಿಡಲಿ. ಆಮೇಲೆ ಪೈಪನ್ನು ತುಟಿಯಿಂದ ಬಿಗಿಯಾಗಿ ಹಿಡಿದು, ಎಳನೀರನ್ನು ಸ್ಟ್ರಾನಲ್ಲಿ ಎಳೆದ ಹಾಗೆ, ನಿಧಾನವಾಗಿ ಒಳಗೆ ಎಳೆಯಲಿ. ಮೂರು ಚೆಂಡಿನ ಡಬ್ಬಿಯ ಮೇಲೆ 600, 900, 1200 ಅಂತ ಬರೆದಿರುತ್ತದೆ. ಅದು ಸೆಕೆಂಡಿಗೆ ಎಷ್ಟು ಮಿಲಿಲೀಟರ್ ಗಾಳಿ ಒಳಗೆ ಹೋಗುತ್ತಿದೆ ಅನ್ನುವ ಲೆಕ್ಕ. ಮೂರನೇ ಚೆಂಡು ಟಪ್ ಅಂತ ಹಾರಿ ಬಿದ್ದರೆ ಏನೂ ಉಪಯೋಗವಿಲ್ಲ. ಮೊದಲ ಚೆಂಡು ಮೇಲೇ ನಿಂತಿರಬೇಕು, ಅದು ಗುರಿ. ಉಸಿರು ತುಂಬಿದ ಮೇಲೆ ಮೂರು ಎಣಿಸುವವರೆಗೆ ಹಿಡಿದು, ಪೈಪ್ ತೆಗೆದು ಬಿಡಲಿ. ಎಚ್ಚರವಿರುವಾಗ ಗಂಟೆಗೆ ಹತ್ತು ಸಲ. ಒಂದೇ ಸಮನೆ ಮಾಡಿದರೆ ತಲೆ ಸುತ್ತುತ್ತದೆ, ನಡುವೆ ಬಿಡುವು ಕೊಡಿ. ಪಕ್ಕದ ಬೆಡ್ಡಿನವರ ಜೊತೆ ಅಪ್ಪ ಮೂರೂ ಚೆಂಡು ಹಾರಿಸುವ ಪೈಪೋಟಿಗೆ ಬಿದ್ದಿದ್ದರು. ಖುಷಿಯೇನೋ ಇತ್ತು, ಪ್ರಯೋಜನ ಇರಲಿಲ್ಲ.

ನಮ್ಮ ಫಿಸಿಯೋ ಹೇಳಿದ ಮಾತು: ಈ ಡಬ್ಬಿ ಬರೀ ನೆನಪು ಮಾಡಿಸುವ ಸಾಧನ. ಡಬ್ಬಿ ಇಲ್ಲದೆ ಆಳವಾಗಿ ಉಸಿರೆಳೆದು ಹಿಡಿದು ಬಿಟ್ಟರೂ ಅಷ್ಟೇ ಲಾಭ. ಡಬ್ಬಿ ಒಡೆಯಿತು ಅಂತ ವ್ಯಾಯಾಮ ನಿಲ್ಲಬಾರದು.

ಕೆಮ್ಮು. ಎಲ್ಲರೂ ಹೆದರುವುದು ಇದಕ್ಕೇ. "ಕೆಮ್ಮಿದರೆ ಹೊಲಿಗೆ ಬಿಚ್ಚಿಕೊಳ್ಳುತ್ತೆ" ಅಂತ ನೋಡಲು ಬಂದ ದೊಡ್ಡಮ್ಮ ಅಪ್ಪನ ಬಾಯಿಯನ್ನೇ ಮುಚ್ಚಿಸಿದ್ದರು. ಮೂಳೆಯನ್ನು ಆರೆಂಟು ಸ್ಟೀಲ್ ತಂತಿಯಿಂದ ಕಟ್ಟಿರುತ್ತಾರೆ, ಆಸರೆ ಕೊಟ್ಟು ಕೆಮ್ಮಿದರೆ ಏನೂ ಆಗುವುದಿಲ್ಲ. ಸಣ್ಣ ದಿಂಬನ್ನು, ಇಲ್ಲದಿದ್ದರೆ ಸುತ್ತಿದ ಟವೆಲನ್ನು ಎದೆಗೆ ಅವಚಿ ಹಿಡಿಯಲಿ. ಸ್ವಲ್ಪ ಮುಂದಕ್ಕೆ ಬಾಗಲಿ. ಎರಡು ಸಲ ಆಳವಾದ ಉಸಿರು, ಮೂರನೆಯದಕ್ಕೆ ದಿಂಬನ್ನು ಒತ್ತಿ ಹಿಡಿದು ಒಂದೆರಡು ಸಲ ಗಟ್ಟಿಯಾಗಿ ಕೆಮ್ಮಲಿ. ಅದೂ ಆಗದಿದ್ದರೆ, ಕನ್ನಡಕ ಒರೆಸುವಾಗ ಬಾಯಿ ತೆರೆದು "ಹಾ" ಅಂತ ಬಿಸಿ ಉಸಿರು ಬಿಡುತ್ತೇವಲ್ಲ, ಹಾಗೆ ಮೂರ್ನಾಲ್ಕು ಸಲ ಜೋರಾಗಿ ಬಿಡಲಿ. ಕಫ ಗಂಟಲಿಗೆ ಬರುತ್ತದೆ, ಆಮೇಲೆ ಒಂದೇ ಕೆಮ್ಮಿಗೆ ಆಚೆ. ನುಂಗಬೇಡಿ, ಬಟ್ಟಲಿಗೆ ಉಗಿಸಿ ಬಣ್ಣ ನೋಡಿ. ಸೀನು ಬಂದರೂ ಅದೇ ದಿಂಬು. ಆ ದಿಂಬು ಒಂದೆರಡು ತಿಂಗಳು ಮನೆಯಲ್ಲೂ ಕೈಗೆಟುಕುವಂತಿರಲಿ. ಕೆಮ್ಮು ನಿಲ್ಲಿಸುವ ಸಿರಪ್ ಮಾತ್ರ ಡಾಕ್ಟರನ್ನು ಕೇಳದೆ ಕುಡಿಸಬೇಡಿ. ಕಫ ಹೊರಗೆ ಬರಬೇಕಾದ ಸಮಯದಲ್ಲಿ ಬಾಗಿಲು ಹಾಕಿದ ಹಾಗಾಗುತ್ತದೆ.

ನಡಿಗೆ ಎಲ್ಲಕ್ಕಿಂತ ದೊಡ್ಡ ಔಷಧಿ. ತೊಡಕಿಲ್ಲದಿದ್ದರೆ ಮರುದಿನವೇ ಕುರ್ಚಿಯಲ್ಲಿ ಕೂರಿಸುತ್ತಾರೆ, ಆಮೇಲೆ ಒಂದೆರಡು ದಿನಕ್ಕೆ ಕಾರಿಡಾರಿನಲ್ಲಿ ನಡೆಸುತ್ತಾರೆ. "ಪಾಪ, ಮಲಗಲಿ ಬಿಡಿ" ಅನ್ನುವ ಪ್ರೀತಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮಲಗಿದಾಗಲೂ ತಲೆಯ ಕಡೆ ಮಂಚ ಎತ್ತರಿಸಿರಲಿ.

ಊಟ, ನೀರು, ಗುಳಿಗೆ ಯಾವಾಗಲೂ ನೇರ ಕೂತು. ಉಸಿರಿನ ನಳಿಕೆ ತೆಗೆದ ಮೇಲೆ ಕೆಲವರ ದನಿ ಒಡೆದಿರುತ್ತದೆ, ನೀರು ಕುಡಿದಾಗಲೆಲ್ಲ ನೆತ್ತಿಗೇರುತ್ತದೆ. ಅದು ಮತ್ತೆ ಮತ್ತೆ ಆದರೆ ನರ್ಸ್‌ಗೆ ಹೇಳಿ. ನೀರು ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು. ದಿನಕ್ಕೆರಡು ಸಲ ಹಲ್ಲುಜ್ಜಿಸಿ, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನೂ ತೊಳೆಯಿರಿ.

ನೋಡಲು ಬರುವವರ ವಿಷಯದಲ್ಲಿ ನಾನು ನಿಷ್ಠುರ. ಊರಿಂದ ಟೆಂಪೋ ಮಾಡಿಕೊಂಡು ಹತ್ತು ಜನ ಬರುತ್ತಾರೆ, ಅದರಲ್ಲಿ ಒಬ್ಬರಿಗಾದರೂ ನೆಗಡಿ ಇದ್ದೇ ಇರುತ್ತದೆ. ವಿಡಿಯೋ ಕಾಲ್ ಮಾಡಿಸಿ. ಬೇಜಾರಾದರೆ ಆಗಲಿ.

ಹಂತ 3: ಮನೆಗೆ ಬಂದ ಮೇಲೆ ಗಾಯ

ಗಾಯ ಮುಟ್ಟುವ ಮುಂಚೆ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಸ್ನಾನಕ್ಕೆ ಡಾಕ್ಟರ್ ಒಪ್ಪಿದ ಮೇಲೆ "ತಂಡಿಯಾಗುತ್ತೆ, ನೀರು ತಾಗಬಾರದು" ಅಂತ ವಾರಗಟ್ಟಲೆ ನಿಲ್ಲಿಸಬೇಡಿ. ಬೆವರು, ಕೊಳೆ ಇನ್ನೂ ಕೆಟ್ಟದ್ದು. ಉಗುರು ಬೆಚ್ಚಗಿನ ನೀರು, ಸಾದಾ ಸೋಪು, ಚೊಂಬಿನಿಂದ ಮೆಲ್ಲಗೆ ಹುಯ್ಯುವುದು. ಉಜ್ಜುವುದು ಬೇಡ. ಆಮೇಲೆ ಒಗೆದ ಟವೆಲಿನಿಂದ ಒತ್ತಿ ಒರೆಸಿ. ಬೈಪಾಸ್‌ಗೆ ಕಾಲಿನಿಂದ ರಕ್ತನಾಳ ತೆಗೆದಿದ್ದರೆ ಅಲ್ಲೂ ಗಾಯ ಇರುತ್ತದೆ, ಅದಕ್ಕೆ ಬೇರೆ ಟವೆಲು. ಮೊದಲು ಎದೆ, ಆಮೇಲೆ ಕಾಲು.

ಗಾಯದ ಮೇಲೆ ಅರಿಶಿನ, ವಿಭೂತಿ, ಕೊಬ್ಬರಿ ಎಣ್ಣೆ, ಪೌಡರ್ ಏನೂ ಬೇಡ. ಪೂರ್ತಿ ಒಣಗುವವರೆಗೆ ಕೆರೆ, ಹೊಳೆ ಸ್ನಾನವೂ ಬೇಡ.

ಯಾವ ಕಾಗದದಲ್ಲೂ ಬರೆದಿರದ ಒಂದು ವಿಷಯ: ಕೊರಳಲ್ಲಿರುವುದು. ಮಾಂಗಲ್ಯದ ಸರ, ಜನಿವಾರ, ಶಿವದಾರ, ದೇವರ ತಾಯತ ಇವೆಲ್ಲ ಸರಿಯಾಗಿ ಹೊಲಿಗೆಯ ಮೇಲೇ ಉಜ್ಜುತ್ತವೆ. ಬೆವರು ಹೀರಿದ ದಾರ ದಿನವಿಡೀ ಗಾಯಕ್ಕೆ ತಾಗುತ್ತಿರುತ್ತದೆ. ತೆಗೆದಿಡಲು ಮನಸ್ಸು ಒಪ್ಪದಿದ್ದರೆ ಎತ್ತರಕ್ಕೆ ಕಟ್ಟಿ, ಒಗೆದ ಮೆತ್ತನೆ ಬಟ್ಟೆ ನಡುವೆ ಇಡಿ.

ಹೆಂಗಸರಿಗೆ ಇನ್ನೊಂದು. ಸ್ತನಗಳ ಭಾರ ಗಾಯವನ್ನು ಎರಡೂ ಕಡೆಗೆ ಎಳೆಯುತ್ತದೆ, ಕೆಳತುದಿಯಲ್ಲಿ ಬೆವರು ನಿಲ್ಲುತ್ತದೆ. ಅದಕ್ಕೇ ಗಾಯ ಅಲ್ಲಿ ಬೇಗ ಬಾಯಿ ಬಿಡುತ್ತದೆ. ಮುಂದೆ ಹುಕ್ ಇರುವ, ತಂತಿ ಇಲ್ಲದ ಹತ್ತಿಯ ಬ್ರಾ ಹಗಲು ರಾತ್ರಿ ಆಸರೆಗೆ ಬೇಕು. ಇದನ್ನು ಕೇಳಲು ಅತ್ತೆಯೋ ಅಮ್ಮನೋ ಸಂಕೋಚಪಡುತ್ತಾರೆ. ನರ್ಸ್‌ನ ಹತ್ತಿರ ನೀವೇ ಕೇಳಿ.

ಊಟದಲ್ಲಿ "ನಂಜು" ಅಂತ ಬದನೆಕಾಯಿಯಿಂದ ಹಿಡಿದು ಮೊಸರು, ಮೊಟ್ಟೆಯವರೆಗೆ ಎಲ್ಲ ನಿಲ್ಲಿಸಿ ಬರೀ ಗಂಜಿ ಕೊಡುವ ಮನೆಗಳಿವೆ. ಗಾಯ ಕೂಡಲು ಪ್ರೋಟೀನ್ ಬೇಕು. ಬೇಳೆ, ಮೊಳಕೆ ಕಾಳು, ಮೊಸರು, ಮೊಟ್ಟೆಯ ಬಿಳಿ, ತಿನ್ನುವವರಾದರೆ ಮೀನು ಕೊಡಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿ. ಸಕ್ಕರೆ ಮನೆಯಲ್ಲೂ ನೋಡುತ್ತಿರಿ. ಒಲೆಯ ಹೊಗೆ, ಊದುಬತ್ತಿ, ಸೊಳ್ಳೆಬತ್ತಿ ಆ ಕೋಣೆಯಿಂದ ದೂರ.

ಹಂತ 4: ಮೂಳೆ ಅಲ್ಲಾಡದಿರಲಿ

ಮೂಳೆ ಕೂಡಿಕೊಳ್ಳಲು ಆರರಿಂದ ಎಂಟು ವಾರ, ಪೂರ್ತಿ ಗಟ್ಟಿಯಾಗಲು ಸುಮಾರು ಮೂರು ತಿಂಗಳು. ಅಲ್ಲಾಡುವ ಮೂಳೆಯಲ್ಲಿ ನಂಜು ಸುಲಭವಾಗಿ ಸೇರುತ್ತದೆ. ನಾಲ್ಕೈದು ಕಿಲೋಗಿಂತ ಜಾಸ್ತಿ ಎತ್ತಬಾರದು. ತುಂಬಿದ ಕೊಡ, ಮೊಮ್ಮಗು ಎರಡೂ ಅದರಲ್ಲಿ ಸೇರಿದವು. ಬಾವಿಯಿಂದ ನೀರು ಸೇದುವುದು, ಬಸ್ಸಿನಲ್ಲಿ ಮೇಲಿನ ಕಂಬಿಗೆ ಜೋತುಬೀಳುವುದು, ಸ್ಕೂಟರ್ ಓಡಿಸುವುದು ಬೇಡ.

ಏಳಿಸುವಾಗ ಕೈ ಹಿಡಿದು ಎಳೆಯಬೇಡಿ, ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ದಿಂಬು ಅವಚಿಕೊಂಡು ಪಕ್ಕಕ್ಕೆ ಹೊರಳಿ, ಕಾಲು ಮಂಚದಿಂದ ಇಳಿಸಲಿ. ನೀವು ಬೆನ್ನಿಗೆ ಕೈ ಕೊಡಿ. ಕೆಳಗೆ ಕೂರುವ ಪಾಯಿಖಾನೆ ಮಾತ್ರ ಇದ್ದರೆ ಮೇಲಿಡುವ ಕಮೋಡ್ ಕುರ್ಚಿ ತನ್ನಿ. ಗೋಡೆಯೋ ನಲ್ಲಿಯೋ ಹಿಡಿದು ಜಗ್ಗಿ ಏಳುವುದೇ ಅತಿ ಕೆಟ್ಟ ಎಳೆತ.

ಹಂತ 5: ದಿನಾ ಐದು ನಿಮಿಷದ ಲೆಕ್ಕ

ಒಂದು ನೋಟ್‌ಬುಕ್ ಇಡಿ. ಬೆಳಿಗ್ಗೆ ಸಂಜೆ ಜ್ವರ, ಆಕ್ಸಿಜನ್, ನಾಡಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ ತೂಕ. ಕಫದ ಬಣ್ಣ. ಗಾಯದ ಫೋಟೋ, ಅದೇ ಜಾಗ, ಅದೇ ಬೆಳಕು. ದಿನಾ ನೋಡುವ ಕಣ್ಣಿಗೆ ಬದಲಾವಣೆ ಗೊತ್ತಾಗುವುದಿಲ್ಲ, ನಾಲ್ಕು ದಿನದ ಫೋಟೋ ಪಕ್ಕಪಕ್ಕ ಇಟ್ಟರೆ ಕಾಣುತ್ತದೆ. ಬೆರಳು ತಣ್ಣಗಿದ್ದರೆ, ಮೆಹೆಂದಿ, ಉಗುರುಬಣ್ಣ ಇದ್ದರೆ ಆಕ್ಸಿಜನ್ ಮೀಟರ್ ತಪ್ಪು ತೋರಿಸಬಹುದು. ಬೆರಳು ಬೆಚ್ಚಗೆ ಮಾಡಿ ಮತ್ತೆ ನೋಡಿ.

ಎಲ್ಲ ಕೆಮ್ಮೂ, ಎಲ್ಲ ಜ್ವರವೂ ಇನ್ಫೆಕ್ಷನ್ ಅಲ್ಲ. ಮೊದಲೆರಡು ದಿನ ಮೈ ಬೆಚ್ಚಗಾಗುವುದು ಸಾಮಾನ್ಯ. ಕಫವಿಲ್ಲದ ಒಣ ಕೆಮ್ಮು ರಾಮಿಪ್ರಿಲ್‌ನಂಥ ಬಿಪಿ ಗುಳಿಗೆಯಿಂದಲೂ ಬರುತ್ತದೆ. ಹಾಗಂತ ನೀವೇ ನಿಲ್ಲಿಸಬೇಡಿ, ಡಾಕ್ಟರ್ ಬದಲಾಯಿಸುತ್ತಾರೆ. ತೂಕ ಒಂದೆರಡು ದಿನದಲ್ಲಿ ಎರಡು ಕಿಲೋ ಏರಿ, ಕಾಲು ಊದಿ, ಮಲಗಿದರೆ ದಮ್ಮು ಬಂದರೆ ಅದು ನೀರು ತುಂಬಿಕೊಳ್ಳುತ್ತಿರುವ ಲಕ್ಷಣ. ಕೆಲವು ವಾರದ ನಂತರ ಜ್ವರದ ಜೊತೆ ಉಸಿರೆಳೆದರೆ ಚುಚ್ಚುವ ನೋವು ಬಂದರೆ ಹೃದಯದ ಹೊರಪೊರೆಯ ಉರಿಯೂತ ಇರಬಹುದು. ಇವು ಯಾವುದಕ್ಕೂ ಹಿಂದಿನ ಸಲದ ಆ್ಯಂಟಿಬಯೋಟಿಕ್ ಮದ್ದಲ್ಲ. ಡಾಕ್ಟರಿಗೆ ತೋರಿಸುವುದು ಮಾತ್ರ ಎಲ್ಲದಕ್ಕೂ ಬೇಕು.

ಹಂತ 6: ಯಾವಾಗ ಫೋನ್, ಯಾವಾಗ ಆಂಬುಲೆನ್ಸ್

ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಬೇಕಾದದ್ದು: ಜ್ವರ 100.4 ದಾಟಿದರೆ, ಚಳಿ ನಡುಕ ಬಂದರೆ. ಕಫ ಹಳದಿ, ಹಸಿರು, ತುಕ್ಕಿನ ಬಣ್ಣಕ್ಕೆ ತಿರುಗಿದರೆ. ನಿನ್ನೆ ನಡೆದಷ್ಟು ಇವತ್ತು ನಡೆಯಲಾಗದಿದ್ದರೆ. ಆಕ್ಸಿಜನ್ 94ಕ್ಕಿಂತ ಕೆಳಗೆ ನಿಂತರೆ. ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಕೀವು, ವಾಸನೆ ಇದ್ದರೆ, ಬನಿಯನ್ನಿಗೆ ಒದ್ದೆ ಕಲೆ ಅಂಟಿದರೆ. ಹೊರಳಿದಾಗ, ಕೆಮ್ಮಿದಾಗ ಎದೆಮೂಳೆ "ಕಟ್ ಕಟ್" ಅಂದರೆ. ಕಡಿಮೆಯಾಗುತ್ತಿದ್ದ ಎದೆನೋವು ಮತ್ತೆ ಜಾಸ್ತಿಯಾದರೆ. ವಯಸ್ಸಾದವರಲ್ಲಿ ಜ್ವರವೇ ಬರದೆ ಬರೀ ಮಂಕು, ಗಲಿಬಿಲಿ, ಊಟ ಬೇಡ ಅನ್ನುವುದಷ್ಟೇ ಕಾಣಬಹುದು.

108ಕ್ಕೆ ಫೋನ್ ಮಾಡಬೇಕಾದದ್ದು: ಆಕ್ಸಿಜನ್ 90ಕ್ಕಿಂತ ಕಡಿಮೆ, ಒಂದು ವಾಕ್ಯ ಮುಗಿಸಲಾಗದಷ್ಟು ದಮ್ಮು, ತುಟಿ ನೀಲಿ, ಪ್ರಜ್ಞೆ ತಪ್ಪುವುದು, ಗಾಯ ಬಾಯಿಬಿಟ್ಟು ರಕ್ತ ಹರಿಯುವುದು. ಮೊದಲಿಂದ ಶ್ವಾಸಕೋಶದ ಕಾಯಿಲೆ ಇದ್ದವರಿಗೆ ಆಕ್ಸಿಜನ್ ಅಂಕಿ ಬೇರೆ ಇರುತ್ತದೆ, ಡಿಸ್ಚಾರ್ಜ್ ದಿನವೇ ಕೇಳಿ ಬರೆದುಕೊಳ್ಳಿ.

ಅಲ್ಲಿ ಏನು ಮಾಡುತ್ತಾರೆ? ಎಕ್ಸ್‌ರೇ, ರಕ್ತ ಪರೀಕ್ಷೆ, ಕಫದ ಅಥವಾ ಕೀವಿನ ಕಲ್ಚರ್, ಅಂದರೆ ಯಾವ ರೋಗಾಣು ಅಂತ ಬೆಳೆಸಿ ನೋಡುವ ಪರೀಕ್ಷೆ. ಮೊದಲೇ ಊರಿನಲ್ಲಿ ಯಾವುದೋ ಆ್ಯಂಟಿಬಯೋಟಿಕ್ ನುಂಗಿಸಿ ಹೋದರೆ ಕಲ್ಚರ್‌ನಲ್ಲಿ ರೋಗಾಣು ಸಿಗದೇ ಹೋಗಬಹುದು. ನ್ಯುಮೋನಿಯಾ ಆದರೆ ಆ್ಯಂಟಿಬಯೋಟಿಕ್, ಆಕ್ಸಿಜನ್, ಮತ್ತೆ ಅದೇ ಉಸಿರಿನ ವ್ಯಾಯಾಮ. ಮೂಳೆಯ ನಂಜಾದರೆ ಮತ್ತೆ ಗಾಯ ತೆರೆದು ಶುಚಿ ಮಾಡಬೇಕಾಗುತ್ತದೆ. ಕೀವು ಹೀರುವ ಸಣ್ಣ ಯಂತ್ರವನ್ನು ಕೆಲವು ದಿನ ಜೋಡಿಸಿಡಬಹುದು, ಆಮೇಲೆ ಪಕ್ಕದ ಸ್ನಾಯುವನ್ನು ಎಳೆದು ಮುಚ್ಚಬಹುದು. ಆ್ಯಂಟಿಬಯೋಟಿಕ್ ವಾರಗಟ್ಟಲೆ ನಡೆಯುತ್ತದೆ. ಒದ್ದೆ ಕಲೆ ಕಂಡ ದಿನವೇ ಹೋದವರಿಗೆ ಇಷ್ಟೆಲ್ಲ ಬೇಕಾಗದೇ ಇರುವ ಸಾಧ್ಯತೆ ಜಾಸ್ತಿ.

ಸಾಧ್ಯವಾದರೆ ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗಿ. ದೂರವಾದರೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಅಲ್ಲಿಂದಲೇ ನಿಮ್ಮ ಸರ್ಜನ್ ಕಡೆಯವರ ಜೊತೆ ಮಾತಾಡಿಸಿ. ಹೊರಡುವಾಗ ಡಿಸ್ಚಾರ್ಜ್ ಸಮ್ಮರಿ, ಗುಳಿಗೆಗಳ ಕವರ್, ನೋಟ್‌ಬುಕ್, ಫೋಟೋ ಇರುವ ಮೊಬೈಲು, ಅದರ ಚಾರ್ಜರು ತೆಗೆದುಕೊಳ್ಳಿ. ದಿಂಬನ್ನೂ. ದಾರಿಯಲ್ಲಿ ಹಂಪ್ ಜಾಸ್ತಿ.